ಬೀಜ ಕೊಳ್ಳುವುದು ತೂಕಕ್ಕೋ, ಕಾಳಿನ ಲೆಕ್ಕಕ್ಕೋ?

ರೋಹಿಣಿ ಮಳೆ ಹತ್ತಿರ ಬಂತೆಂದರೆ ಪ್ಯಾಟಿಗಳಲ್ಲಿ ಬೀಜದ ಮಾತು ಶುರುವಾಗುತ್ತದೆ. ಹಾನಗಲ್ಲಿಗೆ ಹೋಗಿರಿ, ಶಿಗ್ಗಾವಿಗೆ ಹೋಗಿರಿ, ಸವಣೂರು ಹಿರೇಕೆರೂರಿಗೆ ಹೋಗಿರಿ, ಅಂಗಡಿಕಾರ ಶೇಂಗಾ ಕಾಳನ್ನು ಬೊಗಸೆಯಲ್ಲಿ ಎತ್ತಿ ತೋರಿಸಿ ಹೇಳುವ ಮಾತು ಒಂದೇ: “ದಪ್ಪ ಕಾಳು ಒಯ್ರಿ ಗೌಡ್ರ, ಬೀಜ ದಪ್ಪ ಇದ್ರ ಬೆಳಿನೂ ದಪ್ಪ ಬರ್ತೈತಿ.” ಗೌಡರು ಕಾಳನ್ನು ಬೆರಳಿನಲ್ಲಿ ಹೊರಳಿಸಿ ನೋಡುತ್ತಾರೆ, ತಲೆ ಹಾಕುತ್ತಾರೆ, ಚೀಲ ಚಕ್ಕಡಿಗೋ ಟ್ರಾಕ್ಟರಿಗೋ ಏರುತ್ತದೆ. ರೊಕ್ಕ ಆಮೇಲೆ, ಸುಗ್ಗಿಯಾದ ಮೇಲೆ.

ಆ ಮಾತು ಸುಳ್ಳಲ್ಲ. ಆದರೆ ಅದು ಅರ್ಧ ನಿಜ. ಅರ್ಧ ನಿಜಕ್ಕೆ ನಾವು ಕೊಡುವ ಬೆಲೆ ಮಾತ್ರ ಪೂರ್ತಿ, ಅದೂ ಉದ್ರಿಯಲ್ಲಿ, ಬಡ್ಡಿ ಸೇರಿಸಿ. ರೈತನ ವರ್ಷದ ಮೊದಲ ಸಾಲವೇ ಬೀಜದ ಸಾಲ. ಗೋವಿನಜೋಳಕ್ಕೆ ಎಕರೆಗೆ ಎಂಟು ಕಿಲೋ ಬೀಜ ಸಾಕು. ಶೇಂಗಾಕ್ಕೆ ಹಾಗಲ್ಲ, ಎಕರೆಗೆ ಅರ್ಧ ಕ್ವಿಂಟಲ್ ತಿನ್ನುವ ಕಾಳನ್ನೇ ಮಣ್ಣಿಗೆ ಹಾಕಬೇಕು. ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಶೇಂಗಾ ಹಿಂದೆ ಸರಿದು ಗೋವಿನಜೋಳ ಹೊಲ ತುಂಬಿಕೊಂಡಿತಲ್ಲ, ಅದಕ್ಕೆ ಕೂಲಿ, ಧಾರಣಿ, ಮಳೆ ಎಂದು ಹತ್ತು ಕಾರಣ ಹೇಳುತ್ತಾರೆ. ಬೀಜದ ಖರ್ಚು ಆ ಹತ್ತರಲ್ಲಿ ಸಣ್ಣದೇನಲ್ಲ. ಆದ್ದರಿಂದ ಕಾಳಿನ ದಪ್ಪದಿಂದ ಬೆಳೆಗೆ ನಿಜವಾಗಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಅಂಗಡಿಯ ಕಟ್ಟೆಯ ಮೇಲಲ್ಲ, ಮನೆಯಲ್ಲಿ ಕೂತು ಲೆಕ್ಕ ಹಾಕಬೇಕು.

ಮೊದಲು ಸಿಗುವುದನ್ನೇ ನೋಡೋಣ. ಬೀಜದ ಎರಡು ಬೇಳೆ ಎಂದರೆ ಸಸಿಗೆ ಕಟ್ಟಿಕೊಟ್ಟ ಬುತ್ತಿ. ಎಲೆ ಬಿಚ್ಚಿ ಬಿಸಿಲಿನಿಂದ ತನ್ನ ಅನ್ನ ತಾನೇ ಮಾಡಿಕೊಳ್ಳುವವರೆಗೆ ಸಸಿ ಈ ಬುತ್ತಿಯನ್ನೇ ಉಣ್ಣಬೇಕು. ಎಣ್ಣೆಕಾಳಿನ ಬುತ್ತಿ ಜೋಳದ ಬುತ್ತಿಯ ಹಾಗೆ ಹಿಟ್ಟಿನದಲ್ಲ, ಎಣ್ಣೆಯದು. ತೂಕಕ್ಕೆ ಹೋಲಿಸಿದರೆ ಕಸುವು ಹೆಚ್ಚು, ಆದರೆ ಅದನ್ನು ಕರಗಿಸಿಕೊಳ್ಳಲು ಸಸಿಗೆ ಗಾಳಿಯೂ ಹೆಚ್ಚು ಬೇಕು. ಬಿತ್ತಿದ ಮರುದಿನ ಜೋರು ಮಳೆ ಹೊಡೆದು ನೀರು ನಿಂತರೆ ಶೇಂಗಾ ಬೇಗ ಕೊಳೆಯುವುದಕ್ಕೆ ಇದೂ ಒಂದು ಕಾರಣ. ಬುತ್ತಿ ದೊಡ್ಡದಿದ್ದರೆ ಬೇರು ಬೇಗ ಇಳಿಯುತ್ತದೆ, ಮೊದಲ ಎಲೆ ಅಗಲವಾಗುತ್ತದೆ, ಸಾಲು ಬೇಗ ಮುಚ್ಚುತ್ತದೆ, ಕಸ ತಲೆಯೆತ್ತುವುದು ಕಡಿಮೆಯಾಗುತ್ತದೆ. ಒಂದು ಎಡೆ ಉಳಿದರೂ ಇವತ್ತಿನ ಕೂಲಿಯಲ್ಲಿ ಅದು ರೊಕ್ಕವೇ.

ಸವಣೂರಿನ ಎರಿ ಹೊಲದಲ್ಲಿ ಹಿಂಗಾರಿ ಕುಸುಬಿ ಬಿತ್ತುವವರಿಗೆ ಇದು ಬೇರೆ ರೀತಿಯಲ್ಲಿ ಗೊತ್ತು. ಮೇಲಿನ ಹಸಿ ಆರಿರುತ್ತದೆ, ಕೂರಿಗಿ ಆಳಕ್ಕೆ ಹಾಕಬೇಕು. ಆಳದಿಂದ ಮೇಲೆ ಬರುವ ತಾಕತ್ತು ತುಂಬಿದ ಕಾಳಿಗೆ ಇರುತ್ತದೆ, ಸೊರಗಿದ ಕಾಳು ಅರ್ಧ ದಾರಿಯಲ್ಲಿ ಬುತ್ತಿ ಮುಗಿಸಿ ಅಲ್ಲೇ ಸಾಯುತ್ತದೆ. ಮಸಾರಿಯಲ್ಲಿ ಮಳೆ ಹೊಡೆದು ನೆಲ ಹೊಪ್ಪಳಿಕೆ ಕಟ್ಟಿಕೊಂಡಾಗಲೂ ಇದೇ ಕಥೆ.

ಇಷ್ಟು ಹೇಳಿ ಅಂಗಡಿಕಾರ ನಿಲ್ಲುತ್ತಾನೆ. ನಾವು ಮುಂದೆ ಹೋಗಬೇಕು.

ಸಣ್ಣ ಕಾಳು ಬೇರೆ, ಜೊಳ್ಳು ಕಾಳು ಬೇರೆ. ಇದನ್ನು ಬೆರೆಸಿದ್ದರಿಂದಲೇ ಅರ್ಧ ಮೋಸ ನಡೆಯುತ್ತದೆ. ತಿಂಡಿವನಂನಿಂದ 1940ರಲ್ಲಿ ಬಂದ ಟಿ.ಎಂ.ವಿ.-2 ತಳಿಯ ಕಾಳು ಹುಟ್ಟಿನಿಂದಲೇ ಸಣ್ಣದು, ನೂರು ಕಾಳು ತೂಗಿದರೆ 35 ಗ್ರಾಂ ಹತ್ತಿರ. ಆದರೆ ತುಂಬಿದ ಕಾಳು, ಗಟ್ಟಿ ಕಾಳು. ಅದು ನಮ್ಮ ಅಜ್ಜಂದಿರ ಕಾಲದಿಂದ ಮಳೆಯಾಶ್ರಿತ ಹೊಲದಲ್ಲಿ ಬಂದಿದೆ, ಸಣ್ಣದೆಂದು ಯಾರನ್ನೂ ಉಪವಾಸ ಕೆಡವಲಿಲ್ಲ. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಿಂದ 2004ರಲ್ಲಿ ಬಂದ ಟಿ.ಪಿ.ಜಿ.-41 ಇನ್ನೊಂದು ತುದಿ, ನೂರು ಕಾಳಿಗೆ 65 ಗ್ರಾಂ. ಆ ದಪ್ಪ ತಳಿಯ ರಾಶಿಯಲ್ಲಿ 35 ಗ್ರಾಂ ತೂಗುವ ಕಾಳು ಸಿಕ್ಕರೆ ಅದು ಸಣ್ಣ ಕಾಳಲ್ಲ, ಬಲಿಯದ ಕಾಳು. ತಳಿ ತಳಿಯ ನಡುವೆ ದಪ್ಪ ಹೋಲಿಸಿ ಇಳುವರಿ ಹೇಳುವುದು ದೇವಣಿ ಎತ್ತಿನ ಮೈ ನೋಡಿ ಖಿಲಾರಿ ಓಡುವುದಿಲ್ಲ ಅಂದ ಹಾಗೆ. ಒಂದೇ ತಳಿಯ ಒಂದೇ ರಾಶಿಯೊಳಗೆ ತುಂಬಿದ್ದು ಯಾವುದು, ಸೊರಗಿದ್ದು ಯಾವುದು ಎಂದು ನೋಡುವುದು ಮಾತ್ರ ಅರ್ಥವಿರುವ ಹೋಲಿಕೆ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಜಿ.ಪಿ.ಬಿ.ಡಿ.-4 ಹೆಸರು ಮಾಡಿದ್ದು ಯಾತರಿಂದ? ತುಕ್ಕು ರೋಗ, ಎಲೆಚುಕ್ಕೆ ರೋಗ ತಡೆದುಕೊಳ್ಳುವ ಗುಣದಿಂದ. ಕೊನೆಯವರೆಗೆ ಎಲೆ ಹಸಿರಾಗಿ ನಿಂತದ್ದರಿಂದ ಕಾಯಿ ತುಂಬಿತು, ಮೇವೂ ದನಕ್ಕಾಯಿತು. ಬಿತ್ತಿದ ಕಾಳು ದಪ್ಪ ಇತ್ತೆಂದು ಅಲ್ಲ. ಇನ್ನೊಂದು ಮಾತು. ಶೇಂಗಾ ತನ್ನ ಹೂವಿನಲ್ಲಿ ತಾನೇ ಪರಾಗ ಕಟ್ಟಿಕೊಳ್ಳುವ ಬೆಳೆ. ಒಂದೇ ಗಿಡದ ದಪ್ಪ ಕಾಳಿಗೂ ಸಣ್ಣ ಕಾಳಿಗೂ ವಂಶ ಒಂದೇ. ಸಣ್ಣ ಕಾಳು ಬಿತ್ತಿದರೆ ಮುಂದಿನ ಪೀಳಿಗೆಯ ಕಾಳು ಸಣ್ಣದಾಗಿಬಿಡುತ್ತದೆ ಎಂಬ ಹೆದರಿಕೆ ಬೇಡ. ಬುತ್ತಿ ಕಡಿಮೆ, ಅಷ್ಟೇ.

ಹಾಗಾದರೆ ಬುತ್ತಿ ಕಡಿಮೆಯಾದ ಸಸಿ ಸುಗ್ಗಿಯವರೆಗೆ ಹಿಂದೆಯೇ ಬೀಳುತ್ತದೆಯೋ? ಇದಕ್ಕೆ ಒಂದು ಹಳೆಯ ಪರೀಕ್ಷೆ ಇದೆ. 1950ರ ದಶಕದಲ್ಲಿ ಆಸ್ಟ್ರೇಲಿಯದ ಅಡಿಲೇಡಿನಲ್ಲಿ ಜೆ. ಎನ್. ಬ್ಲ್ಯಾಕ್ ಎಂಬ ವಿಜ್ಞಾನಿ ಒಂದು ಮೇವಿನ ಬೆಳೆಯ ಬೀಜವನ್ನು ಮೂರು ರೀತಿ ಬಿತ್ತಿದರು. ಒಂದು ಪಟ್ಟಿಯಲ್ಲಿ ಬರೀ ದಪ್ಪ ಬೀಜ, ಒಂದರಲ್ಲಿ ಬರೀ ಸಣ್ಣ ಬೀಜ, ಮೂರನೆಯದರಲ್ಲಿ ಎರಡೂ ಬೆರೆಸಿ. ಬರೀ ಸಣ್ಣದು ಬಿತ್ತಿದ ಪಟ್ಟಿ ಮೊದಲಿಗೆ ಹಿಂದೆ ಇದ್ದರೂ ನೆಲ ಮುಚ್ಚಿಕೊಂಡ ಮೇಲೆ ದಪ್ಪದರ ಸಮಕ್ಕೆ ಬೆಳೆಯತೊಡಗಿತು. ಬೆರೆಸಿ ಬಿತ್ತಿದ ಪಟ್ಟಿಯಲ್ಲಿ ಮಾತ್ರ ಸಣ್ಣ ಬೀಜದ ಸಸಿಗಳು ದಪ್ಪ ಬೀಜದ ಸಸಿಗಳ ನೆರಳಿಗೆ ಬಿದ್ದು ಬಿಸಿಲೇ ಕಾಣದಂತಾದವು. ಅದು ಮೇವಿನ ಬೆಳೆ, ಶೇಂಗಾ ಅಲ್ಲ, ಒಪ್ಪಿದೆ. ಆದರೆ ನೆರಳಿನ ನ್ಯಾಯ ಎಲ್ಲಾ ಬೆಳೆಗೂ ಒಂದೇ. ನಿಮ್ಮ ಹೊಲದಲ್ಲೇ ನೋಡಿರಿ, ಎರಡು ಬಲವಾದ ಗಿಡದ ನಡುವೆ ತಡವಾಗಿ ಎದ್ದ ಸಸಿ ಕಾಯಿ ಕೊಡುವುದು ಎಷ್ಟು? ನೀರು, ಗೊಬ್ಬರ ಮಾತ್ರ ತನ್ನ ಪಾಲು ಉಣ್ಣುತ್ತದೆ.

ಅಂದಮೇಲೆ ಬೆಳೆಗೆ ಬೇಕಾದದ್ದು ಅತಿ ದಪ್ಪ ಕಾಳಲ್ಲ, ಸರಿಸಮನಾದ ಕಾಳು. ಒಟ್ಟಿಗೆ ಏಳುವ, ಒಟ್ಟಿಗೆ ಹೂ ಬಿಡುವ, ಒಟ್ಟಿಗೆ ಕೀಳಲು ಬರುವ ಬೆಳೆ. ಅದಕ್ಕೆ ಒಂದು ಜರಡಿ ಸಾಕು, ಸಾಲ ಬೇಕಿಲ್ಲ.

ಈಗ ರೊಕ್ಕದ ಲೆಕ್ಕಕ್ಕೆ ಬರೋಣ, ನಮ್ಮ ಜಗಳ ಇರುವುದು ಅಲ್ಲೇ. ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಇಟ್ಟರೆ ಎಕರೆಗೆ ಸುಮಾರು 1,35,000 ಗಿಡ ನಿಲ್ಲುತ್ತವೆ. ನೂರು ಕಾಳಿಗೆ 35 ಗ್ರಾಂ ತೂಗುವ ಬೀಜವಾದರೆ ಇಷ್ಟು ಗಿಡಕ್ಕೆ 47 ಕಿಲೋ ಬೇಕು. 50 ಗ್ರಾಂನದಾದರೆ 67 ಕಿಲೋ. 65 ಗ್ರಾಂನದಾದರೆ 88 ಕಿಲೋ. ಗಿಡ ಅಷ್ಟೇ, ಹೊಲ ಅಷ್ಟೇ, ಬೀಜದ ತೂಕ ಹತ್ತಿರ ಹತ್ತಿರ ಎರಡು ಪಟ್ಟು. 2025-26ರ ಮುಂಗಾರಿಗೆ ಕೇಂದ್ರ ಸರ್ಕಾರ ಶೇಂಗಾಕ್ಕೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್ ಕಾಯಿಗೆ 7,263 ರೂಪಾಯಿ. ಕ್ವಿಂಟಲ್ ಕಾಯಿ ಸುಲಿದರೆ 70 ಕಿಲೋ ಕಾಳು ಎಂದು ಹಿಡಿದರೆ ಕಾಳು ಕಿಲೋಕ್ಕೆ 104 ರೂಪಾಯಿ ಸುಮಾರು ಬೀಳುತ್ತದೆ. ಬೀಜ ಈ ದರಕ್ಕೆ ಯಾರೂ ಕೊಡುವುದಿಲ್ಲ, ಆ ಮಾತು ಬೇರೆ. ಈ ದರದಲ್ಲೇ ಹಿಡಿದರೂ ಎಕರೆ ಬೀಜಕ್ಕೆ ಸಣ್ಣ ತಳಿಗೆ 4,900, ಮಧ್ಯಮಕ್ಕೆ 7,000, ದಪ್ಪಕ್ಕೆ 9,100 ರೂಪಾಯಿ. ಸಣ್ಣದಕ್ಕೂ ದಪ್ಪಕ್ಕೂ ನಡುವಿನ 4,200 ರೂಪಾಯಿ ತೀರಿಸಲು ಅದೇ ಬೆಂಬಲ ಬೆಲೆಯಲ್ಲಿ ಎಕರೆಗೆ 58 ಕಿಲೋ ಕಾಯಿ ಹೆಚ್ಚು ಬರಬೇಕು. ಬೆಂಬಲ ಬೆಲೆ ಕೈಗೆ ಸಿಗದೆ ಅಡತಿಯವನ ಬೆಲೆಗೆ ಮಾರಿದರೆ ಇನ್ನೂ ಹೆಚ್ಚು. ಉದ್ರಿಯ ಬಡ್ಡಿ ಸೇರಿದರೆ ಮತ್ತೂ ಹೆಚ್ಚು.

58 ಕಿಲೋ ಏನು ಮಹಾ ಎಂದು ನೀರಾವರಿ ಇದ್ದವರು ಕೇಳಬಹುದು. ಅವರ ಮಟ್ಟಿಗೆ ಸರಿ. ಬೋರಿನ ನೀರು ಇದ್ದು, ಬೇಸಿಗೆ ಶೇಂಗಾ ಬೆಳೆದು, ತಿನ್ನುವ ಕಾಳಿನ ವ್ಯಾಪಾರಿಗೆ ಮಾರುವವನಿಗೆ ದಪ್ಪ ತಳಿ ಲಾಭ ಕೊಟ್ಟೀತು. ಗಾಣಕ್ಕೆ ಹೋಗುವ ಮಳೆಯಾಶ್ರಿತ ಶೇಂಗಾದವನು ಅವನನ್ನು ನೋಡಿ ಬೀಜ ಒಯ್ದರೆ ಕೆಡುತ್ತಾನೆ.

ಅದಕ್ಕಿಂತ ಕೆಟ್ಟದ್ದು ಇನ್ನೊಂದು ನಡೆಯುತ್ತದೆ. “ಎಕರೆಕ ಐವತ್ತು ಕಿಲೋ” ಎಂಬ ಮಾತು ಊರೂರಿನಲ್ಲಿ ಕಲ್ಲಿನ ಮೇಲೆ ಬರೆದಂತೆ ಕೂತಿದೆ. ಸಣ್ಣ ತಳಿಯ ಐವತ್ತು ಕಿಲೋದಲ್ಲಿ 1,43,000 ಕಾಳು ಇರುತ್ತವೆ. 65 ಗ್ರಾಂ ತಳಿಯ ಐವತ್ತು ಕಿಲೋದಲ್ಲಿ 77,000 ಮಾತ್ರ. ಹೊಲದಲ್ಲಿ ನಿಲ್ಲಬೇಕಾದ ನೂರು ಗಿಡಕ್ಕೆ 57 ಗಿಡ. ಅದರಲ್ಲೂ ಮೊಳೆಯದ್ದು, ಬುಡ ಕೊಳೆತದ್ದು, ಕಾಗೆ ಹೆಕ್ಕಿದ್ದು ಕಳೆಯಬೇಕು. ಬೀಜ ದಪ್ಪ, ಸಸಿ ದಪ್ಪ, ಹೊಲ ಬಟಾಬಯಲು. ಆಗ ಮಳೆಗೆ ಬಯ್ಯುತ್ತೇವೆ, ಗೊಬ್ಬರಕ್ಕೆ ಬಯ್ಯುತ್ತೇವೆ. ಲೆಕ್ಕ ತಪ್ಪಿದ್ದು ತಕ್ಕಡಿಯಲ್ಲಿ ಎಂದು ಯಾರೂ ಹೇಳಿಕೊಡಲಿಲ್ಲ.

ದಪ್ಪ ಕಾಳು ಬೆಳೆಯುವ ಗಿಡಕ್ಕೆ ಹಸಿವೂ ದಪ್ಪ. ಶೇಂಗಾ ಕಾಯಿ ತನಗೆ ಬೇಕಾದ ಸುಣ್ಣದ ಅಂಶವನ್ನು ಬೇರಿನಿಂದ ತರಿಸಿಕೊಳ್ಳುವುದಿಲ್ಲ, ತಾನು ಕೂತ ಮಣ್ಣಿನಿಂದಲೇ ನೇರ ಹೀರುತ್ತದೆ. ಅದಕ್ಕೇ ಹೂವಿನ ಬುಡದಿಂದ ಸೂಜಿಯಂಥ ಎಳೆ ನೆಲಕ್ಕೆ ಇಳಿಯುವ ಹೊತ್ತಿಗೆ ಎಕರೆಗೆ 200 ಕಿಲೋ ಜಿಪ್ಸಂ ಸಾಲಿನ ಬುಡಕ್ಕೆ ಹಾಕಿ ಎಡೆ ಹೊಡೆಯಿರಿ ಎನ್ನುವುದು. ಆ ಹೊತ್ತಿಗೆ ಮಣ್ಣಲ್ಲಿ ಹಸಿ ಇರದಿದ್ದರೆ ಜಿಪ್ಸಂ ಇದ್ದೂ ಇಲ್ಲದಂತೆ. ಸುಣ್ಣ ಸಾಲದಿದ್ದರೆ ಕಾಯಿ ಕಟ್ಟುತ್ತದೆ, ಒಳಗೆ ಕಾಳು ಇರುವುದಿಲ್ಲ. ಕಾಳು ಕಂಡರೂ ಮುಂದಿನ ವರ್ಷ ಮೊಳೆಯುವ ಕಸುವು ಇರುವುದಿಲ್ಲ. ದಪ್ಪ ಕಾಳಿನ ತಳಿಗೆ ಈ ಕೊರತೆ ಮೊದಲು ತಟ್ಟುತ್ತದೆ, ಸಣ್ಣ ಕಾಳಿನದು ತಡೆದುಕೊಳ್ಳುತ್ತದೆ. ಹಾನಗಲ್ಲಿನ ಮಲೆನಾಡ ಸೆರಗಿನಲ್ಲಿ ಮಳೆ ಹೆಚ್ಚಿ ಮಣ್ಣಿನ ಸುಣ್ಣ ತೊಳೆದುಹೋಗಿರುವ ಹೊಲಗಳಿವೆ, ಶಿಗ್ಗಾವಿಯ ಹಗುರ ಮಸಾರಿಯಲ್ಲಿ ಹದಿನೈದು ದಿನ ಮಳೆ ಹಿಂದೆಗೆದರೆ ಹಸಿ ಇರುವುದಿಲ್ಲ. ಇಂಥ ಕಡೆ ಜಿಪ್ಸಮ್ಮಿಗೆ ರೊಕ್ಕ ಇಲ್ಲದವನು ದಪ್ಪ ಬೀಜಕ್ಕೆ ರೊಕ್ಕ ಸುರಿಯುವುದು ಯಾವ ಲೆಕ್ಕ? ಆ ವ್ಯತ್ಯಾಸದ ರೊಕ್ಕವನ್ನು ಜಿಪ್ಸಮ್ಮಿಗೆ ಹಾಕಿದರೆ ಸಣ್ಣ ತಳಿಯ ಕಾಳೇ ತುಂಬಿ ಬರುತ್ತದೆ, ಮುಂದಿನ ವರ್ಷದ ಬೀಜವೂ ಮನೆಯಲ್ಲೇ ಆಗುತ್ತದೆ.

ಸೋಯಾ ಅವರೆಯ ಮಾತು ಉಲ್ಟಾ. ಅಲ್ಲಿ ದಪ್ಪ ಕಾಳೇ ಬೇಗ ಕೆಡುತ್ತದೆ. ಸೋಯಾದ ಸಿಪ್ಪೆ ಹಾಳೆಯಷ್ಟು ತೆಳು, ಮೊಳಕೆ ಅದರ ಕೆಳಗೇ ಕೂತಿರುತ್ತದೆ. ಮಷಿನ್ನಿನಲ್ಲಿ ಬಡಿಯುವಾಗ, ಚೀಲ ಲಾರಿಯಿಂದ ಎಸೆಯುವಾಗ ಪೆಟ್ಟು ಬೀಳುವುದು ದಪ್ಪ ಕಾಳಿಗೆ ಹೆಚ್ಚು. ನೋಡಲಿಕ್ಕೆ ಮುತ್ತಿನಂತಿದ್ದು ಒಳಗೆ ಸತ್ತಿರುತ್ತದೆ. 2020ರ ಮುಂಗಾರಿನಲ್ಲಿ ಮಹಾರಾಷ್ಟ್ರದ ರೈತರು ಸೋಯಾ ಬೀಜ ಹುಟ್ಟಲಿಲ್ಲವೆಂದು ಸಾವಿರಾರು ದೂರು ಕೊಟ್ಟದ್ದನ್ನು ನೆನೆಸಿಕೊಳ್ಳಿರಿ. ಲೆಕ್ಕವೂ ಬೇರೆ ಬೇರೆ ಬರುತ್ತದೆ. ನೂರು ಕಾಳಿಗೆ 13 ಗ್ರಾಂ ಇದ್ದರೆ 25 ಕಿಲೋದಲ್ಲಿ 1,92,000 ಕಾಳು, ನೂರಕ್ಕೆ 70 ಮೊಳೆತರೆ ಎಕರೆಗೆ ಬೇಕಾದ 1,35,000 ಗಿಡ ಸರಿಯಾಗಿ ಆಯಿತು. ಅದೇ ಕಾಳು ನೂರಕ್ಕೆ 10 ಗ್ರಾಂ ಇದ್ದರೆ 19 ಕಿಲೋ ಸಾಕು. ಉಳಿದ ಆರು ಕಿಲೋ ಸುಮ್ಮನೆ ಮಣ್ಣಿಗೆ ಹೋಯಿತು, ಗಿಡ ಒತ್ತಾಗಿ ನೆಲಕ್ಕೆ ಬಿದ್ದದ್ದು ಬೇರೆ.

ಎಳ್ಳು, ಗುರೆಳ್ಳಿನಂಥ ಪುಡಿ ಕಾಳಿಗೆ ಇಷ್ಟೆಲ್ಲಾ ಬೇಕಿಲ್ಲ, ಮೊರದಲ್ಲಿ ಕೇರಿ ಹಗುರದ್ದು ಹಾರಿಸಿ, ಉಸುಕು ಬೆರೆಸಿ ಮೇಲೆಯೇ ಬಿತ್ತಿದರೆ ಮುಗಿಯಿತು. ಸೂರ್ಯಕಾಂತಿಯಲ್ಲಿ ತೆನೆಯ ಹೊರ ಸುತ್ತಿನ ಕಾಳು ದಪ್ಪ, ನಡುವಿನದು ಸೊರಗಿದ್ದು ಎಂದು ಎಲ್ಲರೂ ಕಂಡಿದ್ದೀರಿ. ಆದರೆ ಹೈಬ್ರಿಡ್ಡಿನ ತೆನೆಯಿಂದ ಎಷ್ಟು ದಪ್ಪ ಕಾಳು ಆರಿಸಿ ಇಟ್ಟರೂ ಮರುವರ್ಷ ಬೆಳೆ ಒಂದೇ ನಮೂನೆ ಬರುವುದಿಲ್ಲ.

ಚೀಲಕ್ಕೆ ಹೊಲಿದ ಚೀಟಿಯನ್ನು ಎಂದಾದರೂ ಪೂರ್ತಿ ಓದಿದ್ದೀರಾ? 1966ರ ಬೀಜ ಕಾಯ್ದೆ, 1968ರ ನಿಯಮಗಳ ಪ್ರಕಾರ ಅದರಲ್ಲಿ ತಳಿಯ ಹೆಸರು, ಲಾಟ್ ನಂಬರು, ಪರೀಕ್ಷೆಯ ದಿನ, ಮೊಳಕೆ ಪ್ರಮಾಣ, ಶುದ್ಧತೆ, ನಿವ್ವಳ ತೂಕ ಇರುತ್ತವೆ. ಪ್ರಮಾಣಿತ ಬೀಜವಾದರೆ ಶೇಂಗಾ, ಸೋಯಾ, ಸೂರ್ಯಕಾಂತಿ ಮೂರಕ್ಕೂ ನೂರಕ್ಕೆ ಕನಿಷ್ಠ 70 ಮೊಳೆಯಬೇಕು. ಎಲ್ಲಾ ಇದೆ, ನೂರು ಕಾಳಿನ ತೂಕ ಒಂದೇ ಇಲ್ಲ. ಅಂದರೆ ಚೀಲದಲ್ಲಿ ಎಷ್ಟು ಬೀಜ ಇವೆ ಎಂಬುದನ್ನು ಕೊಳ್ಳುವವನಿಗೆ ಹೇಳದೆ ಮಾರುತ್ತಾರೆ. ಅಮೇರಿಕದಲ್ಲಿ ಗೋವಿನಜೋಳದ ಬೀಜದ ಚೀಲ ಎಂದರೆ 80,000 ಕಾಳು, ಸೋಯಾದ್ದೆಂದರೆ 1,40,000 ಕಾಳು. ಕಾಳು ದಪ್ಪ ಇದ್ದರೆ ಚೀಲ ಭಾರ, ಸಣ್ಣ ಇದ್ದರೆ ಹಗುರ. ರೈತ ಕೊಳ್ಳುವುದು ಗಿಡವನ್ನು, ತೂಕವನ್ನಲ್ಲ ಎಂಬ ತಿಳುವಳಿಕೆ ಅಲ್ಲಿನ ವ್ಯಾಪಾರಕ್ಕೆ ಬಂದಿದೆ. ನಮ್ಮಲ್ಲಿ ಸರ್ಕಾರದ ರಿಯಾಯಿತಿಯೂ ಕಿಲೋ ಲೆಕ್ಕದಲ್ಲೇ. ದಪ್ಪ ಬೀಜ ಹೆಚ್ಚು ಕಿಲೋ ಖರ್ಚಾದಷ್ಟೂ ಮಾರುವವನಿಗೆ ಲಾಭ, ಕಡತದಲ್ಲಿ “ಇಷ್ಟು ಕ್ವಿಂಟಲ್ ಬೀಜ ವಿತರಣೆ” ಎಂದು ತೋರಿಸುವ ಅಧಿಕಾರಿಗೂ ಅಂದ.

ಕೇಂದ್ರ ಸರ್ಕಾರ 2024ರ ಅಕ್ಟೋಬರದಲ್ಲಿ ಎಣ್ಣೆಕಾಳು ಹೆಚ್ಚಿಸಲು 10,103 ಕೋಟಿ ರೂಪಾಯಿಯ ಮಿಷನ್ ಒಪ್ಪಿತು. ಎಣ್ಣೆಕಾಳು ಬೆಳೆಯಿರಿ ಎಂದು ಕರೆ ಕೊಟ್ಟಿತು. ಎಂಟು ತಿಂಗಳು ತುಂಬುವ ಮೊದಲೇ, 2025ರ ಮೇ 30ರಂದು, ನಾವು ಕೂರಿಗಿ ಸಜ್ಜು ಮಾಡುವ ಹೊತ್ತಿನಲ್ಲಿ, ಹೊರಗಿನ ಕಚ್ಚಾ ಎಣ್ಣೆಯ ಮೂಲ ಆಮದು ಸುಂಕವನ್ನು ನೂರಕ್ಕೆ 20ರಿಂದ 10ಕ್ಕೆ ಇಳಿಸಿತು. ಬೆಳೆಯ ಬೆಲೆ ನಮ್ಮ ಕೈಯಲ್ಲಿ ಇಲ್ಲ, ಅದಕ್ಕೆ ಬೇರೆ ಹೋರಾಟ ನಡೆಯಬೇಕು. ಖರ್ಚಿನ ಒಂದು ತುದಿಯಾದರೂ ನಮ್ಮ ಕೈಯಲ್ಲಿ ಇರಲಿ ಎಂದೇ ಈ ಮಾತು. ಹಂಗಾಮಿನ ಹೊತ್ತಿಗೆ ಸರದಿಯಲ್ಲಿ ನಿಲ್ಲುವ ಗತಿ ಏನೆಂದು ಹಾವೇರಿಗೆ ಯಾರೂ ಹೇಳಿಕೊಡಬೇಕಿಲ್ಲ. 2008ರ ಜೂನ್ 10ರಂದು ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿದ್ದು ನಮ್ಮ ಜಿಲ್ಲೆಯಲ್ಲೇ.

ಶೇಂಗಾ ಬೀಜ ಮನೆಯಲ್ಲಿ ಇಟ್ಟುಕೊಳ್ಳಲು ಬರುವ ಬೀಜ. ಕಾಳು ಸುಲಿದು ಇಟ್ಟರೆ ಬೇಗ ಕೆಡುತ್ತದೆ, ಕಾಯಿಯಲ್ಲೇ ಇಟ್ಟರೆ ಮುಂದಿನ ಮುಂಗಾರಿನವರೆಗೆ ತಡೆಯುತ್ತದೆ. ಹೊಲದಲ್ಲಿ ರೋಗವಿಲ್ಲದ ಒಂದು ಪಟ್ಟಿಯನ್ನು ಮೊದಲೇ ಗುರುತು ಮಾಡಿ, ಆ ಕಾಯಿಯನ್ನು ಬೇರೆ ಒಣಗಿಸಿ, ನೆಲದ ತಂಪು ತಾಗದಂತೆ ಹಲಗೆಯ ಮೇಲೆ ಚೀಲ ಇಡಬೇಕು. ಬಿತ್ತುವ ಹದಿನೈದು ದಿನದೊಳಗೆ ಕೈಯಿಂದ ಸುಲಿಯಬೇಕು, ಮಷಿನ್ನಿಗೆ ಹಾಕಿದರೆ ದಪ್ಪ ಕಾಳೇ ಮೊದಲು ಸೀಳುತ್ತದೆ. ಬೇಸಿಗೆ ಬೆಳೆ ಇದ್ದವರಿಗೆ ಇನ್ನೂ ಸುಲಭ, ಮೇ ತಿಂಗಳ ಕಾಯಿ ಜೂನಿಗೇ ಬೀಜವಾಗುತ್ತದೆ. ಯಾಕಂದರೆ ನಾವು ಬೆಳೆಯುವ ಗೆಜ್ಜೆ ಶೇಂಗಾದ ಕಾಳಿಗೆ ನಿದ್ದೆಯ ಕಾಲ ಬಹುತೇಕ ಇಲ್ಲ. ಆರಿಸುವ ಕೆಲಸದಲ್ಲಿ ಮನೆಯ ಹೆಣ್ಣುಮಕ್ಕಳ ಕಣ್ಣಿಗೆ ಸಮ ಯಾವ ಪ್ರಯೋಗಶಾಲೆಯೂ ಇಲ್ಲ. ಸೊರಗಿದ್ದು, ಸೀಳಿದ್ದು, ಬಣ್ಣಗೆಟ್ಟದ್ದು ಮೊರದಲ್ಲೇ ಹೊರಗೆ ಬೀಳುತ್ತದೆ. ಬಿದ್ದದ್ದು ಗಾಣಕ್ಕೆ ಹೋಗಲಿ. ಬೂಸಲು ಹಿಡಿದದ್ದು ಮಾತ್ರ ಗಾಣಕ್ಕೂ ಬೇಡ, ದನಕ್ಕೂ ಬೇಡ.

ರೈತ ಸಂಪರ್ಕ ಕೇಂದ್ರಗಳಿಗೆ ಈ ಹಂಗಾಮಿನ ಮೊದಲೇ ಊರೂರಿನಿಂದ ಅರ್ಜಿ ಹೋಗಬೇಕು. ಪ್ರತಿ ಲಾಟಿನ ನೂರು ಕಾಳಿನ ತೂಕವನ್ನು ಬೋರ್ಡಿನ ಮೇಲೆ ಬರೆಯಿರಿ. ರಿಯಾಯಿತಿಯನ್ನು ಕಿಲೋಕ್ಕಲ್ಲ, ಎಕರೆಗೆ ಬೇಕಾದ ಕಾಳಿಗೆ ಕೊಡಿರಿ. ಇದಕ್ಕೆ ಹೊಸ ಕಾಯ್ದೆ ಬರುವವರೆಗೆ ಕಾಯಬೇಕಿಲ್ಲ, ಒಂದು ತಕ್ಕಡಿ, ಒಂದು ಸೀಮೆಸುಣ್ಣ ಸಾಕು.

ಅವರು ಬರೆಯುವವರೆಗೆ ನಾವೇ ತೂಗಿಕೊಳ್ಳೋಣ. ರಾಶಿಯ ನಾಲ್ಕು ಕಡೆಯಿಂದ ಕಾಳು ತೆಗೆದು ಆರಿಸದೆ ಸಾವಿರ ಎಣಿಸಿರಿ, ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿರಿ. ಬಂದ ಗ್ರಾಂ ಅನ್ನು 135ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಎಕರೆಗೆ ಬೇಕಾದ ಕಿಲೋ ಸಿಗುತ್ತದೆ, 350 ಗ್ರಾಂ ಬಂದರೆ 47 ಕಿಲೋ. ಅದೇ ರಾಶಿಯ ನೂರು ಕಾಳನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಇಟ್ಟು ವಾರ ಬಿಟ್ಟು ಬಿಚ್ಚಿರಿ. ಎಂಬತ್ತು ಮೊಳೆತಿದ್ದರೆ ಆ 47ನ್ನು 80ರಿಂದ ಭಾಗಿಸಿ ನೂರರಿಂದ ಗುಣಿಸಬೇಕು, 59 ಕಿಲೋ ಆಗುತ್ತದೆ. ಆ ಚೀಟಿಯನ್ನು ಕಿಸೆಯಲ್ಲಿ ಇಟ್ಟುಕೊಂಡು ಪ್ಯಾಟಿಗೆ ಹೋಗಿರಿ.